ಹಸು ಊರಲ್ಲೇ ಉಳೀತು, ಚೆಲ್ಲೋ ಅಭ್ಯಾಸ ಜೊತೆಗೆ ಬಂತು

ಭಾಗ 1/9: ಲೆಕ್ಕ ತಾಳೆ ಆಗ್ತಿಲ್ಲ

ತುಮಕೂರಿನವರಿಗೆ ಆರೋಗ್ಯದ ಊಟ ಯಾವುದು ಅಂತ ಯಾವ ರೀಲ್ಸೂ ಹೇಳಿಕೊಡಬೇಕಾಗಿಲ್ಲ. ರಾಗಿ ನಮ್ಮ ಜಿಲ್ಲೆಯ ಹೊಲದಲ್ಲೇ ಬೆಳೆಯುತ್ತೆ. ಹುರುಳಿ, ಅವರೆ, ಅಲಸಂದೆ ವಾರದ ಸಂತೇಲಿ ಸಿಗುತ್ತೆ. ಬೆಳಗ್ಗೆ ಬೇಗ ಅಂತರಸನಹಳ್ಳಿ ಮಾರ್ಕೆಟ್ ಕಡೆ ಹೋದ್ರೆ ದಂಟು, ಮೆಂತ್ಯ, ಸಬ್ಬಸಿಗೆ ಕಟ್ಟುಗಟ್ಟಲೆ ಬಿದ್ದಿರುತ್ತೆ. ಗುಬ್ಬಿ ಕಡೆ ಹಿತ್ತಲಿಗೊಂದು ನುಗ್ಗೆ ಮರ. ಇಷ್ಟಿದ್ರೂ ನಮ್ಮ ಫೀಡಲ್ಲಿ ಬರೋದು ಏನು? ಚಿಯಾ ಬೀಜ ತಗೊಳ್ಳಿ, ಕಿನೋವಾ ತಗೊಳ್ಳಿ, ಪ್ರೋಟೀನ್ ಪೌಡರ್ ತಗೊಳ್ಳಿ. ತಗೊಳ್ಳಿ, ತಗೊಳ್ಳಿ, ತಗೊಳ್ಳಿ.

ನಾನು ಓದ್ತಿರೋದು ಬಿಕಾಂ. ನಮಗೆ ಶುರುವಿನಲ್ಲೇ ಹೇಳಿಕೊಡೋ ಪಾಠ ಒಂದಿದೆ: ಗ್ರಾಸ್ ನೋಡಿ ಖುಷಿಪಡಬೇಡಿ, ನೆಟ್ ನೋಡಿ. ಎಷ್ಟು ಬಂತು ಅನ್ನೋದು ಒಂದು ಲೆಕ್ಕ, ಸೋರಿಹೋಗಿ ಕೊನೆಗೆ ಕೈಯಲ್ಲಿ ಎಷ್ಟು ಉಳೀತು ಅನ್ನೋದು ಇನ್ನೊಂದು ಲೆಕ್ಕ. ಅಡುಗೆಮನೆಗೂ ಇದೇ ಪಾಠ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ 47.8% ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 65.5%. ಇದಕ್ಕೆಲ್ಲ ಅಡುಗೆಮನೆ ಒಂದೇ ಕಾರಣ ಅಂತ ನಾನು ಹೇಳಲ್ಲ. ಬಡತನ ಇದೆ, ಜಂತುಹುಳು ಇದೆ, ಮೇಲಿಂದ ಮೇಲೆ ಹೆರಿಗೆ ಇದೆ, ತಿಂಗಳ ರಕ್ತಸ್ರಾವ ಇದೆ. ಆದ್ರೆ ದುಡ್ಡು ಕೊಟ್ಟು ತಂದ ಒಳ್ಳೇ ಪದಾರ್ಥವನ್ನ ನಮ್ಮ ಕೈಯಾರೆ ಜರಡಿಯಲ್ಲಿ, ಸಿಂಕಲ್ಲಿ, ಕಾಫಿ ಲೋಟದಲ್ಲಿ ಕಳೀತಿದೀವಲ್ಲ, ಅದಕ್ಕೆ ಯಾರನ್ನ ಬೈಯೋಣ?

ಈ ಒಂಬತ್ತು ಕ್ಯಾಪ್ಷನ್ ಒಂದು ಜಗಳ. ನಿಮ್ಮ ಜೊತೆ, ನಮ್ಮ ಮನೆಯವರ ಜೊತೆ, ಸೂಪರ್‌ಫುಡ್ ಮಾರೋರ ಜೊತೆ. ಪೂರ್ತಿ ಓದಿ, ಆಮೇಲೆ ತಿರುಗಿ ಜಗಳ ಆಡಿ.

ಭಾಗ 2/9: ಜರಡಿ ಹಿಡಿದವರಿಗೆ

ರಾಗಿಯಿಂದ ಶುರು ಮಾಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಒಂದು ಲೋಟ ಹಾಲು, ಅಂದ್ರೆ 200 ಎಂಎಲ್, ಕೊಡೋದು 240 ಮಿಲಿಗ್ರಾಂ ಹತ್ತಿರ. ದೊಡ್ಡವರಿಗೆ ದಿನಕ್ಕೆ ಬೇಕಿರೋದು 1000 ಮಿಲಿಗ್ರಾಂ ಅಂತ ಐಸಿಎಂಆರ್ ಹೇಳುತ್ತೆ. ಎರಡು ಮುದ್ದೆಗೆ 150 ಗ್ರಾಂ ಹಿಟ್ಟು ಅಂತ ಹಿಡಿದ್ರೂ ಅರ್ಧ ದಿನದ ಕ್ಯಾಲ್ಸಿಯಂ ತಟ್ಟೆ ಮೇಲಿದೆ. ಇಂಥಾ ಧಾನ್ಯ ಇರೋ ಜಿಲ್ಲೆಯವರು ನಾವು.

ಈಗ ಮಿಲ್ಲಿಂದ ಹಿಟ್ಟು ಬಂದ ಮೇಲೆ ಏನು ಮಾಡ್ತೀವಿ ನೋಡಿ. ಸಣ್ಣ ಕಣ್ಣಿನ ಜರಡಿ ತಗೊಂಡು ಆಡಿಸ್ತೀವಿ. ಮೇಲೆ ಉಳಿದ ಕೆಂಪು ತೌಡನ್ನ ಕಸಕ್ಕೆ ಹಾಕ್ತೀವಿ. ಯಾಕೆ? ಮುದ್ದೆ ನುಣ್ಣಗೆ ಬರಲಿ ಅಂತ, ಬಣ್ಣ ಸ್ವಲ್ಪ ತಿಳಿಯಾಗಲಿ ಅಂತ, ನೆಂಟರು ಬಂದಾಗ ಮರ್ಯಾದೆ ಉಳೀಲಿ ಅಂತ. ರಾಗಿಯ ಕ್ಯಾಲ್ಸಿಯಂ, ನಾರು ಹೆಚ್ಚಾಗಿ ತುಂಬಿಕೊಂಡಿರೋದು ಆ ಹೊರಗಿನ ಸಿಪ್ಪೇಲೇ. ಕೆಂಪು ತೆಗೆದ್ರೆ ಮರ್ಯಾದೆ ಉಳೀಬಹುದು, ಮೂಳೆಗೆ ಏನುಳೀತು?

ಕಾಮರ್ಸ್ ಲೆಕ್ಕದಲ್ಲೂ ನೋಡಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಹತ್ತು ಕೆಜಿ ಹಿಟ್ಟಲ್ಲಿ ಒಂದು ಕೆಜಿ ತೌಡು ತೆಗೆದು ಎಸೆದ್ರೆ 49 ರೂಪಾಯಿ ಕಸದ ಗಾಡಿಗೆ. ಆಮೇಲೆ ಮೆಡಿಕಲ್ ಸ್ಟೋರಿಗೆ ಹೋಗಿ ಕ್ಯಾಲ್ಸಿಯಂ ಮಾತ್ರೆ ತರ್ತೀವಿ.

ಕಲ್ಲು, ಮಣ್ಣು ಇರುತ್ತಲ್ಲ ಅಂತೀರಾ? ಸರಿ. ಅದಕ್ಕೆ ರಾಗಿಯನ್ನ ಮೊರದಲ್ಲಿ ಕೇರಿ, ತೊಳೆದು, ಒಣಗಿಸಿ ಮಿಲ್ಲಿಗೆ ಕೊಡಿ. ಹುಳ ನೋಡ್ಬೇಕು ಅಂದ್ರೆ ದೊಡ್ಡ ಕಣ್ಣಿನ ಜರಡಿ ಸಾಕು. ಸಿದ್ಧಗಂಗಾ ಮಠದ ದಾಸೋಹದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಮುದ್ದೆ ಉಂಡು ಬೆಳೆದ ಊರು ಇದು. ಇಲ್ಲಿ ಕಪ್ಪು ಮುದ್ದೆಗೆ ನಾಚಿಕೊಳ್ಳೋದಾ?

ಭಾಗ 3/9: ಬಿಳಿ ಅನ್ನದ ಹಳೇ ಕಥೆ

ಬಿಳುಪಿನ ಹುಚ್ಚು ನಮ್ಮದಷ್ಟೇ ಅಲ್ಲ, ಹಳೇದೂ ಹೌದು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಅನ್ನೋ ಡಚ್ ವೈದ್ಯ ಬೆರಿಬೆರಿ ಕಾಯಿಲೆಗೆ ಕಾರಣ ಹುಡುಕ್ತಿದ್ರು. ಪಾಲಿಶ್ ಮಾಡಿದ ಅನ್ನ ತಿಂದ ಕೋಳಿಗಳ ಕಾಲು ಬಿದ್ದುಹೋಗ್ತಿತ್ತು. ಪಾಲಿಶ್ ಮಾಡದ ಅಕ್ಕಿ ಹಾಕಿದ್ರೆ ಅವೇ ಕೋಳಿ ಎದ್ದು ಓಡಾಡ್ತಿದ್ವು. ವ್ಯತ್ಯಾಸ ಇದ್ದದ್ದು ತೌಡಲ್ಲಿ, ಅದರಲ್ಲಿದ್ದ ಬಿ1 ವಿಟಮಿನ್ನಲ್ಲಿ. 1929ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದ ಕಥೆಯೂ ಅಲ್ಲಿಂದಲೇ: ಈಗ ಹೈದರಾಬಾದಲ್ಲಿರೋ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದು 1918ರಲ್ಲಿ, ಊಟಿ ಪಕ್ಕದ ಕೂನೂರಲ್ಲಿ, ಬೆರಿಬೆರಿ ವಿಚಾರಿಸೋ ಒಂದು ಚಿಕ್ಕ ಘಟಕವಾಗಿ.

ನೂರು ವರ್ಷ ಕಳೀತು. ಇವತ್ತೂ ಅಂಗಡೀಲಿ ನಾವು ಕೇಳೋದು "ಇನ್ನೂ ಬೆಳ್ಳಗಿರೋದು ಇಲ್ವಾ?"

ಮಿಲ್ಲಲ್ಲಿ ಕಳೆದದ್ದು ಸಾಲದು ಅಂತ ಮನೇಲಿ ಮತ್ತೆ ಶುರು. ನೀರು ತಿಳಿಯಾಗೋವರೆಗೂ ನಾಲ್ಕು ಸಲ, ಐದು ಸಲ ಉಜ್ಜಿ ತೊಳೀತೀವಿ. ಬಿ ವಿಟಮಿನ್‌ಗಳು ನೀರಲ್ಲಿ ಕರಗೋವು. ಪ್ರತಿ ಸಲ ಬಗ್ಗಿಸಿದ ಬಿಳಿ ನೀರಿನ ಜೊತೆ ಅವೂ ಹೋಗ್ತವೆ. ಕೆಲವರ ಮನೇಲಿ ಅನ್ನ ಬಸಿದು ಗಂಜಿಯನ್ನೂ ಚೆಲ್ತಾರೆ. ಒಂದು ಸಲ, ಹೆಚ್ಚಂದ್ರೆ ಎರಡು ಸಲ ತೊಳೆದ್ರೆ ಸಾಕು. ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ಕುಡಿದವರು ನಮ್ಮ ಹಿರಿಯರು, ಮರೀಬೇಡಿ. ಕುಸುಬಲಕ್ಕಿ ರೂಢಿ ಇರೋರು ಅದನ್ನ ಬಿಡಬೇಡಿ. ಭತ್ತವನ್ನ ಸಿಪ್ಪೆ ಸಮೇತ ಬೇಯಿಸಿ ಒಣಗಿಸುವಾಗ ವಿಟಮಿನ್ ಕಾಳಿನ ಒಳಗೆ ಇಳಿಯುತ್ತೆ, ಮಿಲ್ಲಿಗೆ ಹೋದ ಮೇಲೂ ಉಳಿಯುತ್ತೆ.

ಇನ್ನೊಂದು ಮಾತು. ಕುಕ್ಕರ್ ಅಂದ್ರೆ ವಿಷ ಅಂತ ಹೇಳೋ ರೀಲ್ಸ್ ನೋಡಿರ್ತೀರ. ಕುಕ್ಕರ್ ಪಾಪದ್ದು. ಬೇಗ ಬೇಯಿಸುತ್ತೆ, ಮುಚ್ಚಳ ಮುಚ್ಚಿರುತ್ತೆ, ಅಳತೆ ನೀರು ಅಲ್ಲೇ ಇಂಗುತ್ತೆ, ಬಸಿಯೋ ಮಾತೇ ಇಲ್ಲ. ಕಳ್ಳ ಸಿಂಕಲ್ಲಿದಾನೆ, ನೀವು ಕುಕ್ಕರ್ ಮೇಲೆ ಕೇಸ್ ಹಾಕ್ತಿದೀರ.

ಭಾಗ 4/9: ಹಸು ಎಲ್ಲಿ?

ಇದು ಈ ಸರಣಿಯ ಮುಖ್ಯ ಮಾತು. ಇದೊಂದನ್ನ ಸೇವ್ ಮಾಡಿಟ್ಕೊಳ್ಳಿ.

ನಮ್ಮಜ್ಜಿ ಊರು ಗುಬ್ಬಿ ಹತ್ರ. ಅಲ್ಲೂ ಅಕ್ಕಿ ತೊಳೀತಾರೆ, ಗಂಜಿ ಬಸೀತಾರೆ, ಸೊಪ್ಪಿನ ದಂಟು ಕಡೀತಾರೆ. ಆದ್ರೆ ಚೆಲ್ಲೋದು ಅಂತ ಇಲ್ಲ. ಅಕ್ಕಿ ತೊಳೆದ ನೀರು, ಉಳಿದ ಗಂಜಿ, ಎಲ್ಲಾ ಕಲಗಚ್ಚಿನ ಬಾನಿಗೆ. ತೌಡು, ತರಕಾರಿ ಸಿಪ್ಪೆ ಕೂಡ ಹಸುವಿನ ಬಾಯಿಗೆ. ಸಂಜೆ ಹೊತ್ತಿಗೆ ಅದು ಹಾಲಾಗಿ ವಾಪಸ್ ಮನೆಗೆ. ಹಾಲು ಮೊಸರಾಗಿ, ಮಜ್ಜಿಗೆಯಾಗಿ ತಟ್ಟೆಗೆ. ಒಂದು ಕೈಯಲ್ಲಿ ಬಿಟ್ಟದ್ದು ಇನ್ನೊಂದು ಕೈಗೆ ಬರ್ತಿತ್ತು. ನಮ್ಮ ಭಾಷೇಲಿ ಹೇಳೋದಾದ್ರೆ ಖಾತೆ ಮುಚ್ಚಿತ್ತು, ಎಲ್ಲೂ ಸೋರ್ತಿರಲಿಲ್ಲ.

ಆಮೇಲೆ ನಾವು ಓದೋಕೆ, ಕೆಲಸಕ್ಕೆ ಅಂತ ತುಮಕೂರಿಗೆ ಬಂದ್ವಿ. ಬಾಡಿಗೆ ಮನೆ, ಎರಡನೇ ಮಹಡಿ. ಕೊಟ್ಟಿಗೆ ಇಲ್ಲ, ಬಾನಿ ಇಲ್ಲ. ಜರಡಿ ಬಂತು, ಐದು ಸಲ ತೊಳೆಯೋದು ಬಂತು, ಬಸಿಯೋದು ಬಂತು. ಹಸು ಮಾತ್ರ ಊರಲ್ಲೇ ಉಳೀತು. ಬಾನಿ ಇದ್ದ ಜಾಗದಲ್ಲಿ ಸ್ಟೀಲ್ ಸಿಂಕ್ ಬಂತು. ಸಿಂಕ್ ಹಾಲು ಕೊಡಲ್ಲ.

ಅದಕ್ಕೇ "ಹಿಂದಿನವರೂ ಹೀಗೇ ಮಾಡ್ತಿದ್ರು, ಗಟ್ಟಿಯಾಗಿರಲಿಲ್ವಾ?" ಅನ್ನೋ ವಾದ ನಂಗೆ ಅರ್ಧ ಮಾತ್ರ ಒಪ್ಪಿಗೆ. ಮೊದಲನೇದಾಗಿ ಹಿಂದಿನವರೆಲ್ಲ ಗಟ್ಟಿಯಾಗಿದ್ರು ಅನ್ನೋದೇ ಸುಳ್ಳು. ಹೆರಿಗೇಲಿ ಸತ್ತವರನ್ನ, ಐದು ವರ್ಷ ದಾಟದ ಮಕ್ಕಳನ್ನ ಯಾವ ಮನೇಲೂ ಲೆಕ್ಕಕ್ಕೆ ಹಿಡಿಯಲ್ಲ. ಎರಡನೇದು, ಅವರು ಮಾಡ್ತಿದ್ದ ಕೆಲಸದಲ್ಲಿ ಅರ್ಧ ಮಾತ್ರ ನಾವು ಮಾಡ್ತಿದೀವಿ. ಚೆಲ್ಲೋ ಅರ್ಧ ಇಟ್ಕೊಂಡ್ವಿ, ವಾಪಸ್ ಪಡೆಯೋ ಅರ್ಧ ಬಿಟ್ವಿ. ಅದನ್ನ ಸಂಪ್ರದಾಯ ಅಂತ ಕರೆಯೋದು ಅನ್ಯಾಯ.

ಭಾಗ 5/9: ಬಸ್ಸಾರು ಕಂಡುಹಿಡಿದವರಿಗೆ ಕೈ ಮುಗೀರಿ

ಹಸು ಇಲ್ಲದ ಮನೆಗೂ ನಮ್ಮ ಸೀಮೆಯ ಅಡುಗೇಲೇ ಉತ್ತರ ಇದೆ. ಹೆಸರು ಬಸ್ಸಾರು.

ಕುಣಿಗಲ್ ಕಡೆ ನಮ್ಮ ದೊಡ್ಡಮ್ಮ ಮಾಡೋದು ಹೀಗೆ: ಹುರುಳಿಕಾಳೋ ಅಲಸಂದೆಯೋ ಬೇಯಿಸಿ, ಅದಕ್ಕೆ ಸೊಪ್ಪು ಹಾಕಿ ಒಂದು ಕುದಿ ಬಂದ ಮೇಲೆ ನೀರು ಬಸೀತಾರೆ. ಕಾಳು, ಸೊಪ್ಪು ಒಗ್ಗರಣೆಗೆ ಬಿದ್ದು ಪಲ್ಯ. ಬಸಿದ ಕಟ್ಟು ಇದೆಯಲ್ಲ, ಅದಕ್ಕೆ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ ರುಬ್ಬಿ ಹಾಕಿ, ಹುಣಸೆ ಹಿಂಡಿ ಸಾರು. ಒಂದು ಪಾತ್ರೆ ನೀರಲ್ಲಿ ಎರಡು ಅಡುಗೆ, ಒಂದು ಹನಿ ನಷ್ಟ ಇಲ್ಲ. ನೀರಿಗೆ ಇಳಿದ ಫೋಲೇಟ್, ಬಿ ವಿಟಮಿನ್, ಪೊಟ್ಯಾಸಿಯಂ ಎಲ್ಲಾ ಮುದ್ದೆ ಜೊತೆ ಹೊಟ್ಟೆಗೆ. ಯಾವ ವಿಜ್ಞಾನಿಯೂ ಬಂದು ಹೇಳಿಕೊಟ್ಟಿದ್ದಲ್ಲ ಇದು.

ಈಗ ನಗರದ ಮನೆ ನೋಡಿ. ಪಾಲಕ್ ಬೇಯಿಸಿ ಹಸಿರು ನೀರನ್ನ ಸಿಂಕಿಗೆ ಸುರೀತೀವಿ. ಕ್ಯಾರೆಟ್, ಬೀನ್ಸ್ ಬೇಯಿಸಿ ನೀರು ಚೆಲ್ತೀವಿ. ಕಿಡ್ನಿ ಕಲ್ಲಿನವರಿಗೆ ಡಾಕ್ಟರ್ ಪಾಲಕ್ ನೀರು ಬಸಿದು ತಿನ್ನಿ ಅಂದಿದ್ರೆ ಅವರು ಹಾಗೇ ಮಾಡಲಿ. ಮಿಕ್ಕವರಿಗೆ ಏನು ಕಾರಣ?

ಸೊಪ್ಪಿನ ವಿಷಯದಲ್ಲಿ ಇನ್ನೂ ಮೂರು ತಪ್ಪಿವೆ. ಒಂದು, ಹೆಚ್ಚಿ ಆಮೇಲೆ ತೊಳೆಯೋದು. ಇಡೀ ಸೊಪ್ಪನ್ನ ನೀರಲ್ಲಿ ಅದ್ದಿ ತೊಳೆದು ಆಮೇಲೆ ಹೆಚ್ಚಿ. ಕತ್ತರಿಸಿದಷ್ಟೂ ನೀರಿಗೆ ಬಾಗಿಲು ತೆರೆದ ಹಾಗೆ. ಎರಡು, ಹಸಿರು ಬಣ್ಣ ಉಳೀಲಿ ಅಂತ ಚಿಟಿಕೆ ಅಡುಗೆ ಸೋಡಾ. ಬಣ್ಣ ಉಳಿಯುತ್ತೆ, ವಿಟಮಿನ್ ಸಿ, ಬಿ1 ಸಾಯುತ್ತೆ. ಮೂರು, ಮೂಲಂಗಿ ತಂದು ಸೊಪ್ಪನ್ನ ಅಂಗಡಿಯವನ ಹತ್ರಾನೇ ಮುರಿಸಿ ಬಿಟ್ಟು ಬರೋದು. ಗಡ್ಡೆಗಿಂತ ಸೊಪ್ಪಲ್ಲೇ ಕ್ಯಾಲ್ಸಿಯಂ, ಕಬ್ಬಿಣ, ವಿಟಮಿನ್ ಜಾಸ್ತಿ. ದುಡ್ಡು ಎರಡಕ್ಕೂ ಕೊಟ್ಟಿರ್ತೀರ.

ಭಾಗ 6/9: ಕಾಳು, ಸೋಡಾ, ಹಿಟ್ಟಿನ ಡಬ್ಬಿ

"ಕಾಳು ಬೇಗ ಬೇಯಲ್ಲ, ಗ್ಯಾಸ್ ಖರ್ಚು" ಅಂತ ಸೋಡಾ ಹಾಕೋದು ಹಲವು ಮನೆಗಳ ಗುಟ್ಟು. ರಾತ್ರಿ ನೆನೆಹಾಕೋಕೆ ಮರೆತ್ರೆ ಬೆಳಗ್ಗೆ ಸೋಡಾ. ಸೊಪ್ಪಿಗೆ ಆದ ಗತಿಯೇ ಕಾಳಿಗೂ: ಬಿ1 ನಾಶ. ಗ್ಯಾಸ್ ಉಳಿಸೋ ದಾರಿ ಸೋಡಾ ಡಬ್ಬೀಲಿಲ್ಲ, ಹಿಂದಿನ ರಾತ್ರಿಯ ಒಂದು ಪಾತ್ರೆ ನೀರಲ್ಲಿದೆ.

ನೆನೆಸಿದ ನೀರು ಚೆಲ್ಲಬಹುದಾ ಅಂತ ಕೇಳ್ತೀರ. ಹೊಟ್ಟೆ ಉಬ್ಬರ ಆಗೋರು ಚೆಲ್ಲಬಹುದು, ಅದರಲ್ಲಿ ವಾಯು ಮಾಡೋ ಅಂಶ, ಕಬ್ಬಿಣವನ್ನ ತಡೆಯೋ ಫೈಟೇಟ್ ಕೂಡ ಸ್ವಲ್ಪ ಹೋಗುತ್ತೆ. ಹಾಗಾಗಿ ಎಲ್ಲಾ ನೀರೂ ಅಮೃತ ಅಂತ ನಾನು ಹೇಳ್ತಿಲ್ಲ. ನೆನೆಸಿದ ನೀರು ಬೇರೆ, ಬೇಯಿಸಿದ ಕಟ್ಟು ಬೇರೆ. ಕಟ್ಟನ್ನ ಚೆಲ್ಲಬೇಡಿ.

ಇನ್ನೂ ಒಳ್ಳೇದು ಮೊಳಕೆ. ಹುರುಳಿಯಾಗಲಿ, ಹೆಸರುಕಾಳಾಗಲಿ, ರಾಗಿಯಾಗಲಿ ಮೊಳಕೆ ಬಂದಾಗ ಆ ಫೈಟೇಟ್ ಕಮ್ಮಿಯಾಗಿ ಕಬ್ಬಿಣ, ಸತು ದೇಹಕ್ಕೆ ಸುಲಭವಾಗಿ ಸಿಗುತ್ತೆ. ಮಗುವಿಗೆ ಅಂತ ನೂರಾರು ರೂಪಾಯಿ ಕೊಟ್ಟು ಡಬ್ಬಿ ಹಿಟ್ಟು ತರೋ ಮನೇಲೇ, ಮೊಳಕೆ ಕಟ್ಟಿದ ರಾಗಿಯನ್ನ ಒಣಗಿಸಿ, ಹುರಿದು, ಬೀಸಿದ ಸರಿಹಿಟ್ಟು "ಹಳ್ಳಿಯವರದ್ದು" ಆಗಿಬಿಟ್ಟಿದೆ. ಡಬ್ಬಿ ಮೇಲೆ ಮಿಲೆಟ್ ಅಂತ ಇಂಗ್ಲಿಷಲ್ಲಿ ಬರೆದ್ರೆ ಮಾತ್ರ ಅದಕ್ಕೆ ಗೌರವ. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸ್ತು. ಅವರಿಗೆ ಗೊತ್ತಾಯ್ತು, ನಮಗೆ ಯಾವಾಗ?

ಹುಳಿ ಬರಿಸೋದೂ ಇದೇ ಥರ ಉಪಕಾರ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಕ್ಯೂ ನಿಲ್ತೀರಲ್ಲ, ಆ ಇಡ್ಲಿ ಹಿಂದೆ ಇರೋ ಕೆಲಸ ಎರಡು: ರಾತ್ರಿಯಿಡೀ ಹುದುಗಿದ ಹಿಟ್ಟು, ಆಮೇಲೆ ಹಬೆ. ಹುದುಗು ಫೈಟೇಟ್ ತಗ್ಗಿಸುತ್ತೆ, ಹಬೇಲಿ ನೀರಿಗೆ ಸೋರೋದು ಕಮ್ಮಿ. ಮನೇಲಿ ಮಾತ್ರ ಟೈಮಿಲ್ಲ ಅಂತ ರವೆಗೆ ಸೋಡಾ ಹಾಕಿ ದಿಢೀರ್ ಇಡ್ಲಿ.

ಹಿತಕಿದ ಬೇಳೆ ಬಗ್ಗೆ ಮಾತ್ರ ನಾನು ಸುಮ್ನಿರ್ತೀನಿ. ಸಿಪ್ಪೆ ಜೊತೆ ನಾರು ಹೋಗುತ್ತೆ, ನಿಜ. ಅವರೆ ಸೀಸನ್ ವರ್ಷಕ್ಕೊಂದೇ ಸಲ. ಅಷ್ಟು ಕ್ರೂರಿ ಆಗೋಕೆ ನನ್ನ ಕೈಲಾಗಲ್ಲ.

ಭಾಗ 7/9: ಊಟ ಆದ ತಕ್ಷಣ ಒಂದು ಲೋಟ ನಷ್ಟ

ಇಷ್ಟೆಲ್ಲಾ ಸರಿ ಮಾಡಿದ್ರಿ ಅಂದುಕೊಳ್ಳೋಣ. ಜರಡಿ ಬಿಟ್ರಿ, ಬಸ್ಸಾರು ಮಾಡಿದ್ರಿ, ಸೊಪ್ಪಿನ ಪಲ್ಯ ಉಂಡ್ರಿ. ಕೈ ತೊಳೆಯೋ ಮುಂಚೆ ಒಂದು ಕೂಗು: "ಒಂಚೂರು ಕಾಫಿ ಇಡಮ್ಮ."

ಸೊಪ್ಪು, ಕಾಳು, ರಾಗಿಯಲ್ಲಿರೋ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳೋದೇ ಸಣ್ಣ ಪಾಲು. ಕಾಫಿ, ಟೀಯಲ್ಲಿರೋ ಟ್ಯಾನಿನ್‌ನಂಥ ಒಗರಿನ ಅಂಶಗಳು ಆ ಪಾಲನ್ನೂ ಹಿಡಿದು ಕಟ್ಟಿಹಾಕ್ತವೆ. 1983ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನದಲ್ಲಿ, ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಹೀರಿಕೊಳ್ಳೋದು 39% ಕಮ್ಮಿಯಾಯ್ತು, ಟೀ ಕುಡಿದಾಗ 64%. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ ಕಾಫಿ ಏನೂ ತೊಂದ್ರೆ ಮಾಡಲಿಲ್ಲ. ಊಟ ಆಗಿ ಒಂದು ಗಂಟೆಗೆ ಕುಡಿದದ್ದು ಮಾತ್ರ ಜೊತೆಗೇ ಕುಡಿದಷ್ಟೇ ಕೆಡಿಸ್ತು. 2024ರಲ್ಲಿ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ ಕೂಡ ಊಟಕ್ಕೆ ಹಿಂದೆ ಮುಂದೆ ಕಮ್ಮಿ ಅಂದ್ರೂ ಒಂದು ಗಂಟೆ ಕಾಫಿ, ಟೀ ಬೇಡ ಅನ್ನುತ್ತೆ. ನನ್ನ ಕೇಳಿದ್ರೆ ಊಟ ಆದ ಮೇಲೆ ಎರಡು ಗಂಟೆ ಬಿಡಿ.

ನಮ್ಮ ಕಾಲೇಜಲ್ಲಿ ರಕ್ತದಾನ ಶಿಬಿರ ನಡೆದಾಗ ನೋಡಿದೀನಿ. ರಕ್ತ ಕೊಡೋಕೆ ಹಿಮೋಗ್ಲೋಬಿನ್ 12.5 ಇರಬೇಕು. ಹುಡುಗೀರ ಸಾಲಲ್ಲಿ ಒಬ್ಬರಾದ ಮೇಲೊಬ್ಬರು ಬೆರಳು ಚುಚ್ಚಿಸಿಕೊಂಡು, "ಕಮ್ಮಿ ಇದೆಯಮ್ಮ" ಅನ್ನಿಸಿಕೊಂಡು ವಾಪಸ್ ಬರ್ತಿದ್ರು. ಇವರಾರೂ ಉಪವಾಸ ಇರೋರಲ್ಲ. ಮನೇಲಿ ಮುದ್ದೆ, ಸೊಪ್ಪು ಇರೋರೇ. ಬೆಳಗ್ಗೆ ಟೀ ಬಿಸ್ಕೆಟ್, ತಿಂಡಿ ಜೊತೆ ಕಾಫಿ, ಸಂಜೆ ಟೀ, ಊಟ ಆದ ಮೇಲೆ ಇನ್ನರ್ಧ ಲೋಟ. ಸರ್ಕಾರಿ ಆಸ್ಪತ್ರೇಲಿ ಕೊಡೋ ಕಬ್ಬಿಣದ ಮಾತ್ರೆಯನ್ನೂ ಕಾಫಿ ಜೊತೆ ನುಂಗೋರಿದಾರೆ. ಮಾತ್ರೆಗೂ ಅದೇ ಗತಿ, ನೀರಲ್ಲೇ ನುಂಗಿ.

ಕಾಫಿ ಬಿಡಿ ಅಂತ ನಾನು ಹೇಳಲ್ಲ. ನಾನೂ ಕುಡೀತೀನಿ. ಟೈಮು ಬದಲಾಯಿಸಿ. ಖರ್ಚು ಸೊನ್ನೆ.

ಭಾಗ 8/9: ನಿಂಬೆ, ಒಲೆ, ಬಾಣಲೆ

ಕಾಫಿ ಕಿತ್ತುಕೊಳ್ಳೋದನ್ನ ನಿಂಬೆಹಣ್ಣು ಕೊಡುತ್ತೆ. ವಿಟಮಿನ್ ಸಿ ಜೊತೆಗಿದ್ರೆ ಸೊಪ್ಪು, ಕಾಳಿನ ಕಬ್ಬಿಣ ಹೆಚ್ಚು ಹತ್ತುತ್ತೆ. ಆದ್ರೆ ವಿಟಮಿನ್ ಸಿ ಬೆಂಕಿಗೆ ಹೆದರೋ ಜೀವ. ಕುದಿಯೋ ಸಾರಿಗೆ ನಿಂಬೆ ಹಿಂಡಿ ಮತ್ತೆ ಕುದಿಸಿದ್ರೆ ಹುಳಿ ಮಾತ್ರ ಉಳಿಯುತ್ತೆ. ಒಲೆ ಆರಿಸಿ, ಸ್ವಲ್ಪ ತಣ್ಣಗಾದ ಮೇಲೆ ಹಿಂಡಿ. ಇನ್ನೂ ಒಳ್ಳೇದು, ತಟ್ಟೆ ಅಂಚಲ್ಲಿ ಒಂದು ಹೋಳು ಇಟ್ಟು ಉಣ್ಣುವಾಗ ಹಿಂಡಿಕೊಳ್ಳಿ. ಸೀಬೆಹಣ್ಣು, ನೆಲ್ಲಿಕಾಯಿ ಸಿಗೋ ಕಾಲದಲ್ಲಿ ಅದೂ ಆಗುತ್ತೆ.

ಬಿಸಿ ಮಾಡಿದ್ದನ್ನೇ ಬಿಸಿ ಮಾಡೋದು ಇನ್ನೊಂದು ಸೋರಿಕೆ. ಬೆಳಗ್ಗೆ ಮಾಡಿದ ಪಲ್ಯ ಮಧ್ಯಾಹ್ನಕ್ಕೊಂದು ಸಲ, ರಾತ್ರಿಗೊಂದು ಸಲ ಒಲೆ ಹತ್ತುತ್ತೆ. ಉಳಿದಿದ್ದ ವಿಟಮಿನ್ ಸಿ ಸಂಜೆ ಹೊತ್ತಿಗೆ ಖಾಲಿ. ಬೇಕಾದಷ್ಟನ್ನ ಮಾತ್ರ ಬೇರೆ ಬಟ್ಟಲಿಗೆ ತೆಗೆದು ಬಿಸಿ ಮಾಡಿ, ಇಡೀ ಪಾತ್ರೆಯನ್ನ ಕುದಿಸಬೇಡಿ.

ಒಗ್ಗರಣೆ ಮೇಲೆ ನನಗೆ ಕೋಪ ಇಲ್ಲ. ಸೊಪ್ಪು, ಕ್ಯಾರೆಟ್‌ನ ಎ ವಿಟಮಿನ್ ಅಂಶ ದೇಹಕ್ಕೆ ಸೇರೋಕೆ ಸ್ವಲ್ಪ ಎಣ್ಣೆ ಬೇಕೇ ಬೇಕು. ಎಣ್ಣೆಯೇ ಇಲ್ಲದ ಡಯಟ್ ಪಲ್ಯ ಜಾಣತನ ಅಲ್ಲ. ಕೋಪ ಇರೋದು ಹಬ್ಬದ ದಿನ ಕರಿದ ಕಪ್ಪು ಎಣ್ಣೆಯನ್ನ ಡಬ್ಬಿಗೆ ಸೋಸಿಟ್ಟು ವಾರಗಟ್ಟಲೆ ಬಳಸೋದರ ಮೇಲೆ. ಹೋಟೆಲ್‌ಗಳಿಗೆ 2018ರಿಂದ ನಿಯಮ ಇದೆ: ಕರಿದ ಎಣ್ಣೇಲಿ ಕೆಟ್ಟ ಅಂಶ 25% ದಾಟಿದ್ರೆ ಬಳಸೋ ಹಾಗಿಲ್ಲ. ನಮ್ಮ ಬಾಣಲೆಗೆ ಇನ್ಸ್‌ಪೆಕ್ಟರ್ ಬರಲ್ಲ, ಅದಕ್ಕೇ ನಮಗೆ ಧೈರ್ಯ.

ಬಾಣಲೆ ಅಂದ್ರೆ ನೆನಪಾಯ್ತು. ಅಟ್ಟದ ಮೇಲೆ ಕೂತಿರೋ ಅಜ್ಜಿಯ ಕಬ್ಬಿಣದ ಬಾಣಲೆ ಇಳಿಸಿ. ಅದರಲ್ಲಿ ಸೊಪ್ಪು, ಪಲ್ಯ ಮಾಡಿದ್ರೆ ಸ್ವಲ್ಪ ಕಬ್ಬಿಣ ಅಡುಗೆಗೂ ಇಳಿಯುತ್ತೆ. ಗುಜರಿಯವನಿಗೆ ಕೊಟ್ಟು ಬಣ್ಣದ ಬಾಣಲೆ ತರೋ ಮುಂಚೆ ಒಂದ್ಸಲ ಯೋಚಿಸಿ.

ಭಾಗ 9/9: ತಪ್ಪು ಯಾರದ್ದು?

ಈ ಸರಣಿ ಶುರು ಮಾಡಿದಾಗಲೇ ಗೊತ್ತಿತ್ತು, ಕಾಮೆಂಟಲ್ಲಿ ಒಂದು ಮಾತು ಬಂದೇ ಬರುತ್ತೆ ಅಂತ: "ಈಗಿನ ಹೆಂಗಸರಿಗೆ ಅಡುಗೆ ಬರಲ್ಲ."

ತಡೀರಿ. ಮುದ್ದೆ ನುಣ್ಣಗಿಲ್ಲ ಅಂತ ತಟ್ಟೆ ಸರಿಸಿದ್ದು ಯಾರು? ಅನ್ನ ಮಲ್ಲಿಗೆ ಹೂವಿನ ಥರ ಬಿಡಿಬಿಡಿಯಾಗಿ ಬೆಳ್ಳಗಿರಬೇಕು ಅಂದಿದ್ದು ಯಾರು? ಮೂಲಂಗಿ ಸೊಪ್ಪಿನ ಪಲ್ಯ ಕಂಡು ಮುಖ ಸಿಂಡರಿಸಿದ್ದು ಯಾರು? ಊಟದ ಎಲೆ ಮುಂದೆಯೇ ಕಾಫಿ ಕೇಳಿದ್ದು ಯಾರು? ಅಡುಗೆ ಮಾಡೋ ಕೈ ಅಮ್ಮನದ್ದು, ಆರ್ಡರ್ ಕೊಡೋ ಬಾಯಿ ಮನೆಯವರೆಲ್ಲರದ್ದು. ಡಿಮ್ಯಾಂಡ್ ಇರೋ ಹಾಗೆ ಸಪ್ಲೈ, ಇದನ್ನ ಪಿಯುಸಿಯಲ್ಲೇ ಓದಿರ್ತೀರ.

ನಷ್ಟ ಹೊರೋರು ಯಾರು ಅಂತಲೂ ನೋಡಿ. ಎಲ್ಲರಿಗೂ ಬಡಿಸಿ ಕೊನೇಲಿ ಉಣ್ಣೋರು. ತಳದಲ್ಲಿ ಉಳಿದ ಸಾರು, ಮೂರನೇ ಸಲ ಬಿಸಿಯಾದ ಪಲ್ಯ, ಅರ್ಧ ಮುದ್ದೆ, ಮೇಲೊಂದು ಲೋಟ ಕಾಫಿ. ಆಮೇಲೆ "ಸುಸ್ತು, ತಲೆಸುತ್ತು" ಅಂದ್ರೆ ಬಿಪಿ ಇರಬೇಕು ಅಂತೀವಿ. ಮೊದಲ ಕ್ಯಾಪ್ಷನ್ನಿನ ಆ 47.8% ಕೂತಿರೋದು ಅಲ್ಲೇ, ಅಡುಗೆಮನೆ ನೆಲದ ಮೇಲೆ. ಸುಸ್ತು ಇದ್ರೆ ಬಾಣಲೆ ನಂಬಿ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಈ ವಾರದ ಕೆಲಸ, ಮನೆಯವರೆಲ್ಲ ಹಂಚಿಕೊಂಡು ಮಾಡಿ:
• ಸಣ್ಣ ಜರಡಿ ಗೋಡೆಗೆ ನೇತುಹಾಕಿ.
• ಅಕ್ಕಿ ಎರಡೇ ಸಲ ತೊಳೀರಿ.
• ಸೊಪ್ಪು ತೊಳೆದು ಹೆಚ್ಚಿ. ತೊಳೆಯೋ ಕೆಲಸ ಮನೆಯ ಗಂಡಸರಿಗೆ ಕೊಡಿ.
• ವಾರಕ್ಕೆ ಒಂದಾದ್ರೂ ದಿನ ಬಸ್ಸಾರು.
• ಸೋಡಾ ಡಬ್ಬಿ ಸಿಂಕ್ ತೊಳೆಯೋಕೆ ಇಡಿ, ಅದಕ್ಕೇ ಲಾಯಕ್ಕು.
• ಕಾಫಿಯನ್ನ ಊಟದಿಂದ ದೂರ ಕೂರಿಸಿ.
• ಒಂದು ದಿನ ಅಮ್ಮನಿಗೆ ಮೊದಲು ಬಡಿಸಿ. ಬಿಸಿ ಮುದ್ದೆ, ಮೇಲಿನ ಸಾರು, ಒಂದು ಹೋಳು ನಿಂಬೆ.

ಇದರಲ್ಲಿ ಯಾವುದಕ್ಕೂ ಒಂದು ರೂಪಾಯಿ ಖರ್ಚಿಲ್ಲ, ಅದಕ್ಕೇ ಇದರ ಜಾಹೀರಾತು ನಿಮ್ಮ ಫೀಡಲ್ಲಿ ಬರಲ್ಲ. ಇವತ್ತು ರಾತ್ರಿ ಪಾತ್ರೆ ಬಗ್ಗಿಸೋಕೆ ಸಿಂಕ್ ಮುಂದೆ ನಿಂತಾಗ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಹಸು ಇದ್ದಿದ್ರೆ ಇದನ್ನ ಚೆಲ್ತಿದ್ನಾ?

ನಿಮ್ಮ ಮನೇಲಿ ಏನು ಚೆಲ್ತಾರೆ, ಕಾಮೆಂಟಲ್ಲಿ ಹೇಳಿ. ಜಗಳಕ್ಕೆ ನಾನು ರೆಡಿ.

#ಬಸ್ಸಾರು #ರಾಗಿಮುದ್ದೆ #ತುಮಕೂರು #ಗುಬ್ಬಿ #ಕುಣಿಗಲ್ #ಕನ್ನಡಕ್ಯಾಪ್ಷನ್